'ಸರ್ವಿಕಲ್' ಅಂದರೆ ಯಾವ ಕೊರಳು? ಆಸ್ಪತ್ರೆ ಇಂಗ್ಲಿಷಿನ ಒಂದು ಪದವನ್ನು ಸರಿಯಾಗಿ ಓದಲು, ಬರೆಯಲು ಸಮಗ್ರ ಮಾರ್ಗದರ್ಶಿ

ಕಳೆದ ಶ್ರಾವಣದಲ್ಲಿ ಒಂದು ಸಂಜೆ, ನನ್ನ ಹತ್ತಿರ ಇಂಗ್ಲಿಷ್ ಪಾಠಕ್ಕೆ ಬರುವ ಹುಡುಗಿ ಹೊತ್ತಿಗೆ ಮುಂಚೆಯೇ ಬಂದಳು. ಊರು ಮುಧೋಳದ ಕಡೆ. ಬಾಗಲಕೋಟೆಯಲ್ಲಿ ನರ್ಸಿಂಗ್ ಮೊದಲ ವರ್ಷ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೈಯಲ್ಲಿ ದೊಡ್ಡ ಎಕ್ಸ್‌ರೇ ಕವರು ಇತ್ತು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಅಕ್ಕೋರ, ನಮ್ಮವ್ವನ ರಿಪೋರ್ಟಿನ್ಯಾಗ ಸರ್ವೈಕಲ್ ಅಂತ ಬರದಾರ್ರಿ. ಕ್ಯಾನ್ಸರ್ ಆಗೇತ್ರಿ."

"ಕ್ಯಾನ್ಸರ್ ಅಂತ ಬರದಾರೇನು?"

"ಇಲ್ರಿ. ಆದ್ರ ಸರ್ವೈಕಲ್ ಅಂದ್ರ ಅದ ಅಲ್ರಿ? ನಮ್ಮ ಕಾಲೇಜಿನ ಗ್ವಾಡಿಗೆ ಪೋಸ್ಟರ್ ಹಚ್ಯಾರಲ್ರಿ."

"ಮೊದಲ ಕುಂದ್ರವ್ವಾ. ಆ ಪದದ ಮುಂದ ಏನೈತಿ, ಅದನ್ನ ಓದು."

ಬೆರಳಿಟ್ಟು ಓದಿದಳು. ಮೇಲಿನ ಸಾಲು: ಎಕ್ಸ್‌ರೇ ಸರ್ವಿಕಲ್ ಸ್ಪೈನ್, ಎಪಿ ಅಂಡ್ ಲ್ಯಾಟರಲ್ ವ್ಯೂಸ್. ಕೊನೆಯ ಸಾಲು: ಸರ್ವಿಕಲ್ ಸ್ಪಾಂಡಿಲೋಸಿಸ್ ಅಟ್ ಸಿ5-ಸಿ6. ಅಂದರೆ ಕುತ್ತಿಗೆಯ ಮಣಕಗಳಲ್ಲಿ (ಬೆನ್ನೆಲುಬಿನ ಮೂಳೆಗಳಲ್ಲಿ) ಸವೆತ. ಅವಳ ಅವ್ವನಿಗೆ ಐವತ್ತು ದಾಟಿದೆ. ನೋವಿದೆ, ಔಷಧ ಬೇಕು, ಆದರೆ ಇದು ಕ್ಯಾನ್ಸರ್ ಅಲ್ಲ. ರಿಪೋರ್ಟ್ ಕೊಟ್ಟ ಕಡೆ ಯಾರೂ ಇದನ್ನು ಬಿಡಿಸಿ ಹೇಳಿರಲಿಲ್ಲ. ಹುಡುಗಿ ಮುಧೋಳದಿಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಳುತ್ತಲೇ ಬಂದಿದ್ದಳು.

ತಪ್ಪು ಅವಳದ್ದಲ್ಲ. ಈ ಪದಕ್ಕೆ ಎರಡು ಮನೆ ಇವೆ, ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ನರ್ಸಿಂಗ್, ಲ್ಯಾಬ್, ಫಾರ್ಮಸಿ ಓದುವ ಮಕ್ಕಳಿಗೆ, ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಪೋರ್ಟ್ ಟೈಪ್ ಮಾಡುವವರಿಗೆ, ಮನೆಯವರ ರಿಪೋರ್ಟ್ ಹಿಡಿದು ಹೆದರಿ ಕೂತವರಿಗೆ, ಎಲ್ಲರಿಗೂ ಅನುಕೂಲವಾಗಲಿ ಅಂತ ಈ ಒಂದೇ ಪದವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಪದದ ಬೇರು ಹಿಡಿಯಿರಿ

ಲ್ಯಾಟಿನ್ ಭಾಷೆಯಲ್ಲಿ 'ಸರ್ವಿಕ್ಸ್' ಅಂದರೆ ಕುತ್ತಿಗೆ. ಅದರಿಂದ ಹುಟ್ಟಿದ ವಿಶೇಷಣ 'ಸರ್ವಿಕಲ್', ಅಂದರೆ ಕುತ್ತಿಗೆಗೆ ಸೇರಿದ್ದು. ಇಷ್ಟೇ ಆಗಿದ್ದರೆ ಗೊಂದಲವೇ ಇರುತ್ತಿರಲಿಲ್ಲ.

ಆದರೆ ಕುತ್ತಿಗೆ ಮನುಷ್ಯನಿಗೆ ಮಾತ್ರ ಇರುವುದಿಲ್ಲ, ಅಲ್ವಾ? ಕೊಡಕ್ಕೂ ಕಂಠ ಇದೆ, ಸೀಸೆಗೂ ಕುತ್ತಿಗೆ ಇದೆ. ದಪ್ಪ ಹೊಟ್ಟೆಯ ವಸ್ತು ಒಂದು ಕಡೆ ಸಣ್ಣಗಾಗಿ ಬಾಯಿಗೆ ಸೇರಿದರೆ ಆ ಜಾಗವನ್ನು ಕುತ್ತಿಗೆ ಅನ್ನುತ್ತೇವೆ. ಗರ್ಭಕೋಶವೂ ಬೋರಲು ಹಾಕಿದ ಸಣ್ಣ ಗಡಿಗೆಯ ಹಾಗಿದೆ. ಅಗಲ ಭಾಗ ಮೇಲೆ, ಸಣ್ಣ ಕಂಠ ಕೆಳಗೆ. ಆ ಕಂಠವನ್ನು ಲ್ಯಾಟಿನ್ನಿನಲ್ಲಿ 'ಸರ್ವಿಕ್ಸ್ ಯೂಟೆರೈ' ಅಂತ ಕರೆದರು. ಗರ್ಭಕೋಶದ ಕುತ್ತಿಗೆ.

ಈಗ ಕನ್ನಡ ನೋಡಿ. ನಾವು ಅದಕ್ಕೆ ಗರ್ಭಕೊರಳು ಅನ್ನುತ್ತೇವೆ, ಗರ್ಭಕಂಠ ಅನ್ನುತ್ತೇವೆ. ಅದೇ ಹೋಲಿಕೆ, ಅದೇ ಕೊರಳು. ಪಾಠ ಮಾಡುವಾಗ ನಾನು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಮಕ್ಕಳ ಮುಖದಲ್ಲಿ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ, ಏಕೆಂದರೆ ಪದ ಪರದೇಶದ್ದಾದರೂ ಯೋಚನೆ ನಮ್ಮದೇ.

ಒಂದು ವ್ಯತ್ಯಾಸ ಮಾತ್ರ ಇದೆ. ಕನ್ನಡದಲ್ಲಿ ಕೊರಳಿನ ಹಿಂದೆ 'ಗರ್ಭ' ಅಂಟಿಕೊಂಡೇ ಇದೆ, ಹಾಗಾಗಿ ತಪ್ಪು ತಿಳಿಯಲು ಜಾಗವಿಲ್ಲ. ಇಂಗ್ಲಿಷಿನವರು 'ಯೂಟೆರೈ' ಅನ್ನುವ ಬಾಲ ಕತ್ತರಿಸಿದರು. ಇವತ್ತು ಬರೀ 'ಸರ್ವಿಕ್ಸ್' ಅಂದರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಗರ್ಭಕೊರಳೇ. ಆದರೆ 'ಸರ್ವಿಕಲ್' ಮಾತ್ರ ಎರಡೂ ಮನೆಯಲ್ಲಿ ಉಳಿಯಿತು. ನಾಮಪದಕ್ಕೆ ಒಂದು ಮನೆ, ವಿಶೇಷಣಕ್ಕೆ ಎರಡು. ಎಲ್ಲ ಗೊಂದಲದ ಮೂಲ ಇದೇ.

ಉಚ್ಚಾರದ ಬಗ್ಗೆ ಜಗಳ ಬೇಡ. ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು 'ಸರ್ವಿಕಲ್' ಅನ್ನುವುದು ಅಮೆರಿಕದ ರೂಢಿ. ನಡುವೆ ಒತ್ತು ಕೊಟ್ಟು 'ಸರ್ವೈಕಲ್' ಅನ್ನುವುದು ಬ್ರಿಟನ್ನಿನಲ್ಲಿ ಕೇಳಿಬರುತ್ತದೆ. ಎರಡೂ ಸರಿ. ಉಚ್ಚಾರ ಬದಲಾದರೆ ಅರ್ಥ ಬದಲಾಗುವುದಿಲ್ಲ. 'ಸರ್ವಿಕಲ್ ಅಂದರೆ ಕುತ್ತಿಗೆ, ಸರ್ವೈಕಲ್ ಅಂದರೆ ಗರ್ಭಕೊರಳು' ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಅದನ್ನು ಬಿಟ್ಟುಬಿಡಿ.

ಎರಡನೇ ಹೆಜ್ಜೆ: ಮುಂದಿನ ಪದ ನೋಡಿ

ಇದೇ ಮುಖ್ಯ ಹೆಜ್ಜೆ, ಇಲ್ಲಿ ನಿಧಾನವಾಗಿ ಓದಿ. 'ಸರ್ವಿಕಲ್' ಒಬ್ಬಂಟಿಯಾಗಿ ಯಾವ ಕೊರಳು ಅಂತ ಹೇಳುವುದಿಲ್ಲ. ಅದನ್ನು ಹೇಳುವುದು ಅದರ ಮುಂದಿನ ಪದ.

ಮುಂದೆ ಸ್ಪೈನ್, ವರ್ಟಿಬ್ರಾ, ಡಿಸ್ಕ್, ಸ್ಪಾಂಡಿಲೋಸಿಸ್, ರ‍್ಯಾಡಿಕ್ಯುಲೋಪತಿ (ನರದ ಬುಡದ ತೊಂದರೆ), ಕಾಲರ್, ಟ್ರ್ಯಾಕ್ಷನ್ ಇದ್ದರೆ ಅದು ಕುತ್ತಿಗೆ. ಮೂಳೆ, ನರ, ಪಟ್ಟಿ, ಜಗ್ಗುವ ಚಿಕಿತ್ಸೆ, ಇವೆಲ್ಲ ಕುತ್ತಿಗೆಯ ಸಂಗತಿ. ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ದಿನವಿಡೀ ಮಗ್ಗದ ಮೇಲೆ ಗೋಣು ಬಗ್ಗಿಸಿ ನೇಯುವವರು ಕುತ್ತಿಗೆ ನೋವು ಅಂತ ಹೋದರೆ ಅವರ ಚೀಟಿಯಲ್ಲಿ ಬರುವುದು ಈ ಗುಂಪಿನ ಪದಗಳೇ. 'ಸರ್ವಿಕಲ್ ಲಿಂಫ್ ನೋಡ್' ಅಂದರೂ ಕುತ್ತಿಗೆಯೇ, ಕೊರಳಲ್ಲಿ ಕೈಗೆ ಸಿಗುವ ಗಂಟು. ಟಿಬಿಯಲ್ಲಿ ಈ ಗಂಟುಗಳು ಊದುವುದುಂಟು, ಹಾಗಾಗಿ ವಾರ್ಡಿನಲ್ಲಿ ಈ ಪದ ಜಾಸ್ತಿ ಕಿವಿಗೆ ಬೀಳುತ್ತದೆ. 'ಸರ್ವಿಕಲ್ ರಿಬ್' ಅನ್ನುವುದೂ ಇದೆ. ಕೆಲವರಿಗೆ ಹುಟ್ಟಿನಿಂದಲೇ ಕುತ್ತಿಗೆಯ ಏಳನೇ ಮಣಕದಿಂದ ಒಂದು ಹೆಚ್ಚಿನ ಪಕ್ಕೆಲುಬು ಹೊರಟಿರುತ್ತದೆ.

ಮುಂದೆ ಕ್ಯಾನ್ಸರ್, ಸ್ಮಿಯರ್, ಸ್ಕ್ರೀನಿಂಗ್, ಡೈಲಟೇಷನ್, ಲೆಂಗ್ತ್, ಎರೋಷನ್, ಪಾಲಿಪ್, ಸರ್ಕ್ಲಾಜ್ (ಗರ್ಭಕೊರಳಿಗೆ ಹಾಕುವ ಹೊಲಿಗೆ) ಇದ್ದರೆ ಸಾಮಾನ್ಯವಾಗಿ ಅದು ಗರ್ಭಕೊರಳು. ಹೆರಿಗೆ ವಾರ್ಡಿನಲ್ಲಿ 'ಸರ್ವಿಕಲ್ ಡೈಲಟೇಷನ್ 4 ಸೆಂಮೀ' ಅಂತ ಬರೆದರೆ ಗರ್ಭಕೊರಳು ಅಷ್ಟು ತೆರೆದಿದೆ ಅಂತ ಅರ್ಥ. 10 ಸೆಂಮೀ ಆದರೆ ಪೂರ್ತಿ ತೆರೆದಂತೆ. ಗರ್ಭಿಣಿಯ ಸ್ಕ್ಯಾನ್ ರಿಪೋರ್ಟಿನಲ್ಲಿ 'ಸರ್ವಿಕಲ್ ಲೆಂಗ್ತ್' ಅಂತ ಇದ್ದರೆ ಅದು ಗರ್ಭಕೊರಳಿನ ಉದ್ದ. 24 ವಾರಕ್ಕೆ ಮುಂಚೆ ಅದು 25 ಮಿಮೀಗಿಂತ ಕಡಿಮೆ ಬಂದರೆ ಕೊರಳು ಗಿಡ್ಡ ಇದೆ ಅಂತ ಡಾಕ್ಟರು ಎಚ್ಚರ ವಹಿಸುತ್ತಾರೆ. ಇದನ್ನು ತಾಯಿಯ ಕುತ್ತಿಗೆ ಅಂದುಕೊಂಡ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ, ಮಗುವಿನ ಕುತ್ತಿಗೆ ಅಂದುಕೊಂಡವರನ್ನೂ ಕಂಡಿದ್ದೇನೆ.

ಕಾಲೇಜಿನ ಪೋಸ್ಟರಿನಲ್ಲಿದ್ದ 'ಸರ್ವಿಕಲ್ ಕ್ಯಾನ್ಸರ್' ಈ ಎರಡನೇ ಗುಂಪಿನದು. ಹೆಚ್ಚುಕಡಿಮೆ ಎಲ್ಲ ಗರ್ಭಕೊರಳಿನ ಕ್ಯಾನ್ಸರಿಗೂ ಎಚ್‌ಪಿವಿ ಅನ್ನುವ ವೈರಸ್ ಕಾರಣ. ಅದರ 16 ಮತ್ತು 18ನೇ ಬಗೆಗಳಿಂದಲೇ ಸುಮಾರು 70 ಶೇಕಡಾ ಬರುತ್ತದೆ. ಇದಕ್ಕೆ ಲಸಿಕೆ ಇದೆ. ಪುಣೆಯ ಸೀರಂ ಸಂಸ್ಥೆ 2023ರ ಜನವರಿಯಲ್ಲಿ ಬಿಡುಗಡೆ ಮಾಡಿದ ಲಸಿಕೆಯ ಹೆಸರು ಸರ್ವಾವ್ಯಾಕ್. ಆ ಹೆಸರಿನ 'ಸರ್ವ' ನಮ್ಮ 'ಸರ್ವರಿಗೂ' ಅನ್ನುವ ಸರ್ವ ಅಲ್ಲ, ಸರ್ವಿಕ್ಸಿನ ಸರ್ವ. ನೆನಪಿಡಲು ಇದೂ ಒಂದು ದಾರಿ. ಪೋಸ್ಟರಿನಲ್ಲಿ ಕಾಣುವ 'ಪ್ಯಾಪ್ ಸ್ಮಿಯರ್' ಕೂಡ ಗರ್ಭಕೊರಳಿನ ಪರೀಕ್ಷೆಯೇ. ಪ್ಯಾಪ್ ಅನ್ನುವುದು ಆ ಪರೀಕ್ಷೆ ಕಂಡುಹಿಡಿದ ಜಾರ್ಜ್ ಪಾಪನಿಕೊಲೌ ಅವರ ಹೆಸರಿನ ತುಂಡು.

ಮೂರನೇ ಮನೆಯೂ ಒಂದಿದೆ, ಚಿಕ್ಕದು. ಹಲ್ಲಿಗೂ ಕುತ್ತಿಗೆ ಇದೆ, ವಸಡಿನ ಅಂಚಿನಲ್ಲಿ. ಜೋರಾಗಿ ಬ್ರಷ್ ಉಜ್ಜಿ ಅಲ್ಲಿ ಸವೆದರೆ ದಂತವೈದ್ಯರು 'ಸರ್ವಿಕಲ್ ಅಬ್ರೇಷನ್' ಅಂತ ಬರೆಯುತ್ತಾರೆ.

ಮೂರನೇ ಹೆಜ್ಜೆ: ಮುಂದಿನ ಪದವೂ ಕೈಕೊಟ್ಟರೆ

ಕೆಲವು ಜೋಡಿಗಳು ನಿಜಕ್ಕೂ ಎರಡೂ ಕಡೆ ಸಲ್ಲುತ್ತವೆ. 'ಸರ್ವಿಕಲ್ ಸ್ಟೆನೋಸಿಸ್' ತೆಗೆದುಕೊಳ್ಳಿ. ಸ್ಟೆನೋಸಿಸ್ ಅಂದರೆ ದಾರಿ ಇಕ್ಕಟ್ಟಾಗುವುದು. ಕುತ್ತಿಗೆಯಲ್ಲಿ ಬೆನ್ನುಹುರಿ ಹೋಗುವ ದಾರಿ ಇಕ್ಕಟ್ಟಾದರೂ ಇದೇ ಹೆಸರು, ಗರ್ಭಕೊರಳಿನ ದಾರಿ ಇಕ್ಕಟ್ಟಾದರೂ ಇದೇ ಹೆಸರು. 'ಸರ್ವಿಕಲ್ ಕೆನಾಲ್', 'ಸರ್ವಿಕಲ್ ಮಾಸ್', 'ಸರ್ವಿಕಲ್ ಬಯಾಪ್ಸಿ' ಕೂಡ ಹೀಗೇ.

ಆಗ ರಿಪೋರ್ಟಿನ ತಲೆಬರಹಕ್ಕೆ ಹೋಗಿ. ಯಾವ ವಿಭಾಗ? ಮೂಳೆ ವಿಭಾಗವೋ, ಸ್ತ್ರೀರೋಗ ವಿಭಾಗವೋ? ಯಾವ ಭಾಗದ ಚಿತ್ರ ತೆಗೆದಿದ್ದಾರೆ? ಎಂಆರ್‌ಐ ಸ್ಪೈನ್ ಅಂತ ಇದೆಯೋ, ಪೆಲ್ವಿಸ್ ಅಂತ ಇದೆಯೋ? ಸಿ4, ಸಿ5 ಅನ್ನುವ ಅಂಕಿಗಳಿವೆಯೋ? ಅಂಕಿ ಕಂಡರೆ ಕುತ್ತಿಗೆ. ರೋಗಿ ಗಂಡಸಾಗಿದ್ದರೆ ಪ್ರಶ್ನೆಯೇ ಇಲ್ಲ. ಇಷ್ಟಾದರೂ ಬಗೆಹರಿಯದಿದ್ದರೆ ಊಹೆ ಮಾಡಬೇಡಿ, ಬರೆದವರನ್ನೇ ಕೇಳಿ. ಕೇಳಲು ನಾಚಿಕೆಪಡಬೇಕಾದ ಪ್ರಶ್ನೆ ಇದಲ್ಲ.

ಬರೆಯುವವರು ನೀವೇ ಆಗಿದ್ದರೆ ಇನ್ನೊಂದು ಪದ ಸೇರಿಸಿ. 'ಸರ್ವಿಕಲ್ ಸ್ಪೈನಲ್ ಸ್ಟೆನೋಸಿಸ್' ಅಥವಾ 'ಸ್ಟೆನೋಸಿಸ್ ಆಫ್ ದ ಯೂಟೆರೈನ್ ಸರ್ವಿಕ್ಸ್' ಅಂತ ಬರೆದರೆ ಯಾರೂ ಬಸ್ಸಿನಲ್ಲಿ ಅಳುತ್ತಾ ಬರಬೇಕಾಗಿಲ್ಲ.

ನಾಲ್ಕನೇ ಹೆಜ್ಜೆ: ವಾಕ್ಯದಲ್ಲಿ ಸರಿಯಾಗಿ ಕೂರಿಸಿ

ಜನರ ಬಾಯಲ್ಲಿ 'ನನಗ ಸರ್ವೈಕಲ್ ಐತ್ರಿ' ಅನ್ನುವ ಮಾತು ಕೇಳುತ್ತೇವೆ. ಮಾತಿನಲ್ಲಿ ನಡೆಯುತ್ತದೆ, ಅರ್ಥವೂ ಆಗುತ್ತದೆ. ಆದರೆ ಇದನ್ನೇ ಇಂಗ್ಲಿಷಿನಲ್ಲಿ 'ಶೀ ಹ್ಯಾಸ್ ಸರ್ವಿಕಲ್' ಅಥವಾ 'ಶೀ ಈಸ್ ಸಫರಿಂಗ್ ಫ್ರಂ ಸರ್ವಿಕಲ್' ಅಂತ ಬರೆದರೆ ತಪ್ಪು. ಯಾಕೆ ಅಂತ ಕನ್ನಡದಲ್ಲಿ ನೋಡಿ. 'ಅವಳಿಗೆ ಕುತ್ತಿಗೆಯ ಇದೆ.' ಕುತ್ತಿಗೆಯ ಏನು? ವಾಕ್ಯ ಅರ್ಧಕ್ಕೇ ನಿಂತಿತು, ಅಲ್ವಾ? 'ಸರ್ವಿಕಲ್' ಅಂದರೆ 'ಕುತ್ತಿಗೆಯ'. ಅದರ ಮುಂದೆ ಒಂದು ನಾಮಪದ ಬರಲೇಬೇಕು. 'ಶೀ ಹ್ಯಾಸ್ ಸರ್ವಿಕಲ್ ಸ್ಪಾಂಡಿಲೋಸಿಸ್.' ಈಗ ವಾಕ್ಯ ತುಂಬಿತು.

ಈ 'ಕುತ್ತಿಗೆಯ' ಪರೀಕ್ಷೆ ನನ್ನ ಮಕ್ಕಳಿಗೆ ಬಹಳ ಉಪಯೋಗಕ್ಕೆ ಬಂದಿದೆ. ಸಂಶಯ ಬಂದಾಗಲೆಲ್ಲ ಸರ್ವಿಕಲ್ ಇರುವ ಕಡೆ 'ಕುತ್ತಿಗೆಯ' ಅಥವಾ 'ಗರ್ಭಕೊರಳಿನ' ಇಟ್ಟು ಓದಿ. ಉಳಿದ ತಪ್ಪುಗಳೂ ತಾವಾಗಿಯೇ ಕಾಣುತ್ತವೆ. 'ಸರ್ವಿಕಲ್ ನೆಕ್ ಪೇನ್' ಅಂದರೆ ಕುತ್ತಿಗೆಯ ಕುತ್ತಿಗೆ ನೋವು, ಒಂದನ್ನು ತೆಗೆಯಿರಿ. 'ವೆರಿ ಸರ್ವಿಕಲ್', 'ಮೋರ್ ಸರ್ವಿಕಲ್' ಆಗುವುದಿಲ್ಲ, ಏಕೆಂದರೆ ಜಾಸ್ತಿ ಕಡಿಮೆ ಆಗುವುದು ನೋವು, ಕುತ್ತಿಗೆತನ ಅಲ್ಲ. ಹಾಗಾಗಿ 'ಸಿವಿಯರ್ ಸರ್ವಿಕಲ್ ಪೇನ್' ಅಂತ ಬರೆಯಿರಿ. ಎಡ ಬಲ ಹೇಳಬೇಕಾದರೆ ಅದೂ ಮುಂಚೆ ಬರಬೇಕು: 'ಲೆಫ್ಟ್ ಸರ್ವಿಕಲ್ ಲಿಂಫ್ ನೋಡ್'. ಬಹುವಚನ ನಾಮಪದಕ್ಕೆ ಮಾತ್ರ. 'ಸರ್ವಿಕಲ್ ನೋಡ್ಸ್' ಸರಿ, 'ಸರ್ವಿಕಲ್ಸ್ ನೋಡ್ಸ್' ತಪ್ಪು.

ವಾಕ್ಯದ ಕೊನೆಯಲ್ಲಿ ಇದು ಬರುವುದೇ ಇಲ್ಲವೇ ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ನಾಮಪದ ಆಗಲೇ ಬಂದುಹೋಗಿದ್ದರೆ ಬರಬಹುದು. 'ದ ಸ್ವೆಲಿಂಗ್ ಈಸ್ ಸರ್ವಿಕಲ್, ನಾಟ್ ಆಕ್ಸಿಲರಿ.' ಊತ ಕುತ್ತಿಗೆಯದು, ಕಂಕುಳದ್ದಲ್ಲ. ಇಲ್ಲಿ ಕನ್ನಡದಲ್ಲೂ 'ಕುತ್ತಿಗೆಯದು' ಅಂತ ಆಯಿತು ನೋಡಿ.

ಐದನೇ ಹೆಜ್ಜೆ: 'ಸಿ' ಅಂಕಿಗಳನ್ನು ಓದಲು ಕಲಿಯಿರಿ

ರಿಪೋರ್ಟಿನಲ್ಲಿ ಸಿ1ರಿಂದ ಸಿ7ರವರೆಗೆ ಬರುವ 'ಸಿ' ಅಂದರೆ ಸರ್ವಿಕಲ್. ಕುತ್ತಿಗೆಯಲ್ಲಿ ಮಣಕಗಳು 7. ಅದರ ಕೆಳಗೆ ಎದೆಯ ಭಾಗದಲ್ಲಿ 12, ಅವು ಥೊರಾಸಿಕ್, ಅಕ್ಷರ 'ಟಿ'. ಸೊಂಟದಲ್ಲಿ 5, ಅವು ಲಂಬರ್, ಅಕ್ಷರ 'ಎಲ್'. ಮೇಲಿಂದ ಕೆಳಗೆ ಎಣಿಸಬೇಕು. ಜಿರಾಫೆಗೂ ಕುತ್ತಿಗೆಯಲ್ಲಿ ಮಣಕ ಏಳೇ, ಒಂದೊಂದೂ ಉದ್ದ ಅಷ್ಟೆ. ಇದನ್ನು ಹೇಳಿದ ದಿನ ಮಕ್ಕಳು ಏಳು ಅನ್ನುವ ಸಂಖ್ಯೆಯನ್ನು ಮರೆಯುವುದಿಲ್ಲ.

ನಿಮ್ಮ ಮೇಲೆಯೇ ನೋಡಿಕೊಳ್ಳಿ. ತಲೆ ಮುಂದಕ್ಕೆ ಬಗ್ಗಿಸಿ, ಗದ್ದ ಎದೆಗೆ ತಾಗಲಿ. ಹೆಡಕಿನಿಂದ, ಅಂದರೆ ಕುತ್ತಿಗೆಯ ಹಿಂಭಾಗದಿಂದ, ಬೆರಳನ್ನು ಮೆಲ್ಲಗೆ ಕೆಳಗೆ ತನ್ನಿ. ಅಂಗಿಯ ಕಾಲರ್ ಕೂರುವ ಜಾಗದಲ್ಲಿ ಒಂದು ಗಟ್ಟಿ ಉಬ್ಬು ಸಿಗುತ್ತದೆ. ಸಾಮಾನ್ಯವಾಗಿ ಅದೇ ಸಿ7. ಕುತ್ತಿಗೆ ಅಲ್ಲಿಗೆ ಮುಗಿಯಿತು.

ಒಂದು ಕಡೆ ಎಡವುವುದುಂಟು. ಕುತ್ತಿಗೆಯ ಮಣಕ 7, ಆದರೆ ಅಲ್ಲಿಂದ ಹೊರಡುವ ನರಗಳ ಜೋಡಿ 8. ಮೊದಲ ನರ ಸಿ1ರ ಮೇಲಿಂದಲೇ ಹೊರಡುತ್ತದೆ, ಎಂಟನೆಯದು ಸಿ7ರ ಕೆಳಗಿಂದ. ಹಾಗಾಗಿ 'ಸಿ8 ನರ್ವ್' ಅಂತ ಕಂಡರೆ ಸರಿ ಇದೆ. 'ಸಿ8 ವರ್ಟಿಬ್ರಾ' ಅಂತ ಕಂಡರೆ ಟೈಪಿಂಗ್ ತಪ್ಪು, ತೋರಿಸಿ ತಿದ್ದಿಸಿ.

'ಸಿ-ಸೆಕ್ಷನ್' ಇದಕ್ಕೆ ಸೇರಿದ್ದಲ್ಲ. ಅಲ್ಲಿನ ಸಿ ಅಂದರೆ ಸಿಸೇರಿಯನ್.

ಆರನೇ ಹೆಜ್ಜೆ: ಬಳಗದವರನ್ನು ಗುರುತಿಸಿ

ಒಂದೇ ಬೇರಿನಿಂದ ಬಂದ ಮೂರು ಪದ ನೋಡಿ. 'ಸರ್ವಿಕಾಲ್ಜಿಯಾ' ಅಂದರೆ ಕುತ್ತಿಗೆ ನೋವು. 'ಸರ್ವಿಸೈಟಿಸ್' ಅಂದರೆ ಗರ್ಭಕೊರಳಿನ ಉರಿಯೂತ, ಕುತ್ತಿಗೆಯದ್ದಲ್ಲ. 'ಸರ್ವಿಕೋಜೆನಿಕ್ ಹೆಡೇಕ್' ಅಂದರೆ ಕುತ್ತಿಗೆಯಿಂದ ಹುಟ್ಟಿದ ತಲೆನೋವು. ಇವುಗಳಲ್ಲಿ ಒಂದನ್ನು ನೋಡಿ ಇನ್ನೊಂದನ್ನು ಊಹಿಸಲು ಬರುವುದಿಲ್ಲ. ಒಂದೊಂದನ್ನೂ ಬೇರೆಯಾಗಿ ಕಲಿಯಬೇಕು, ಬೇರೆ ದಾರಿ ಇಲ್ಲ.

'ನ್ಯೂಕಲ್' ಇನ್ನೊಂದು ಬಗೆಯದು. ಅದೂ ಕುತ್ತಿಗೆಯೇ, ಆದರೆ ಹಿಂಭಾಗ. ನಮ್ಮ ಕಡೆಯ ಮಾತಿನಲ್ಲಿ ಹೆಡಕು. ಗರ್ಭಿಣಿಯರಿಗೆ 11ರಿಂದ 14 ವಾರದೊಳಗೆ ಮಾಡುವ ಎನ್‌ಟಿ ಸ್ಕ್ಯಾನಿನಲ್ಲಿ ಮಗುವಿನ ಹೆಡಕಿನ ಹತ್ತಿರದ ನೀರಿನ ಪದರ ಅಳೆಯುತ್ತಾರೆ. ಆ 'ಎನ್' ಅಂದರೆ ನ್ಯೂಕಲ್. ಗರ್ಭಿಣಿಯ ಫೈಲಿನಲ್ಲಿ ಸರ್ವಿಕಲ್ ಕಂಡರೆ ಸಾಮಾನ್ಯವಾಗಿ ತಾಯಿಯ ಗರ್ಭಕೊರಳು (ಆಗಲೂ ಮುಂದಿನ ಪದ ನೋಡಿ), ನ್ಯೂಕಲ್ ಕಂಡರೆ ಮಗುವಿನ ಕುತ್ತಿಗೆ. ಇಷ್ಟು ನೆನಪಿದ್ದರೆ ಸಾಕು, ಹೆರಿಗೆ ವಾರ್ಡಿನಲ್ಲಿ ಬಹಳ ತಪ್ಪು ತಪ್ಪುತ್ತವೆ.

ಏಳನೇ ಹೆಜ್ಜೆ: ಎಲ್ಲಿ ಈ ಪದ ಬೇಡ

ರೋಗಿಯ ಮುಂದೆ ಬೇಡ. ಕೇಸ್ ಶೀಟಿನಲ್ಲಿ, ರೆಫರಲ್ ಚೀಟಿಯಲ್ಲಿ, ಪರೀಕ್ಷೆಯಲ್ಲಿ ಸರ್ವಿಕಲ್ ಅಂತಲೇ ಬರೆಯಿರಿ. ಅಲ್ಲಿ ಅದೇ ಸರಿ. ಆದರೆ ಹಾಸಿಗೆ ಪಕ್ಕದಲ್ಲಿ ನಿಂತು ಮಾತಾಡುವಾಗ 'ಕುತ್ತಿಗೆ ಮಣಕ ಸವೆದಿವೆ' ಅನ್ನಿ, 'ಕುತ್ತಿಗೆಗೆ ಪಟ್ಟಿ ಹಾಕುತ್ತೇವೆ' ಅನ್ನಿ. ಹೆಣ್ಣುಮಕ್ಕಳಿಗೆ ಪರೀಕ್ಷೆ ಬಗ್ಗೆ ಹೇಳುವಾಗ 'ಗರ್ಭಕೊರಳಿನ ತಪಾಸಣೆ' ಅನ್ನಿ. ಕೇಳುವವರಿಗೆ ಗರ್ಭಕೊರಳು ಗೊತ್ತಿಲ್ಲದಿದ್ದರೆ 'ಗರ್ಭಚೀಲದ ಬಾಯಿ' ಅಂದರೆ ತಕ್ಷಣ ತಿಳಿಯುತ್ತದೆ. 'ಗರ್ಭಕೋಶದ ಕ್ಯಾನ್ಸರ್' ಅಂತ ಮಾತ್ರ ಹೇಳಬೇಡಿ. ಗರ್ಭಕೋಶದ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್ ಬೇರೆ, ಅದರ ತಪಾಸಣೆ ಬೇರೆ. ಈ ಎಚ್‌ಪಿವಿ ಲಸಿಕೆ ತಡೆಯುವುದು ಅದನ್ನಲ್ಲ.

ಆ ಸಂಜೆ ಹುಡುಗಿ ನನ್ನ ಎದುರಿಗೇ ಮನೆಗೆ ಫೋನ್ ಹಚ್ಚಿದಳು. "ಯವ್ವಾ, ಕುತ್ತಿಗಿ ಮಣಕ ಸವದಾವಂತ. ಬ್ಯಾರೆ ಏನೂ ಇಲ್ಲ. ಹೊರಿ ಹೊರಬ್ಯಾಡ, ಡಾಕ್ಟ್ರು ಕೊಟ್ಟ ಗುಳಗಿ ತಗೋ." ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು. "ಅಷ್ಟ ಏನು? ಅದನ್ನ ಅಲ್ಲೇ ಹೇಳಿದ್ರ ಆಗ್ತಿತ್ತಲ್ಲ."

ಕೊನೆಗೆ ಅಭ್ಯಾಸ

ಕೆಳಗಿನ ಐದು ಸಾಲು ನಾನು ಪಾಠದಲ್ಲಿ ಕೊಡುವಂಥವು. ಮೊದಲು ನೀವೇ ಓದಿ, ಯಾವ ಕೊರಳು ಅಂತ ಹೇಳಿ, ತಪ್ಪಿದ್ದರೆ ತಿದ್ದಿ. ಆಮೇಲೆ ಉತ್ತರ ನೋಡಿ.

1. ಅಪ್ಲೈ ಸರ್ವಿಕಲ್ ಕಾಲರ್ ಬಿಫೋರ್ ಶಿಫ್ಟಿಂಗ್ ದ ಪೇಷಂಟ್.
2. ಹೀ ಈಸ್ ಹ್ಯಾವಿಂಗ್ ಸರ್ವಿಕಲ್ ಸಿನ್ಸ್ ಟೂ ಇಯರ್ಸ್.
3. ಸರ್ವಿಕಲ್ ಲೆಂಗ್ತ್ 34 ಮಿಮೀ, ಇಂಟರ್ನಲ್ ಆಸ್ ಕ್ಲೋಸ್ಡ್.
4. ಮಲ್ಟಿಪಲ್ ಸರ್ವಿಕಲ್ಸ್ ಲಿಂಫ್ ನೋಡ್ಸ್ ಪಾಲ್ಪಬಲ್.
5. ಸರ್ವಿಕಲ್ ಬಯಾಪ್ಸಿ ಸೆಂಟ್.

ಮೊದಲನೆಯದು ಕುತ್ತಿಗೆ. ಅಪಘಾತದಲ್ಲಿ ಬಿದ್ದವರನ್ನು ಸಾಗಿಸುವ ಮುಂಚೆ ಪಟ್ಟಿ ಹಾಕುವ ಮಾತು. 'ಎ ಸರ್ವಿಕಲ್ ಕಾಲರ್' ಅಂದರೆ ಇನ್ನೂ ಸರಿ, ಆದರೆ ಆರ್ಡರ್ ಶೀಟಿನಲ್ಲಿ 'ಎ' ಬಿಡುವುದು ರೂಢಿ.

ಎರಡನೆಯದರಲ್ಲಿ ನಾಮಪದವೇ ಇಲ್ಲ. ಜೊತೆಗೆ 'ಈಸ್ ಹ್ಯಾವಿಂಗ್' ಮತ್ತು 'ಸಿನ್ಸ್' ಕೂಡ ತಪ್ಪು. 'ಹೀ ಹ್ಯಾಸ್ ಹ್ಯಾಡ್ ಸರ್ವಿಕಲ್ ಪೇನ್ ಫಾರ್ ಟೂ ಇಯರ್ಸ್' ಅಂತ ಬರೆಯಿರಿ. ಸ್ಪಾಂಡಿಲೋಸಿಸ್ ಅಂತ ಡಾಕ್ಟರು ಖಚಿತ ಮಾಡುವವರೆಗೆ ನೀವಾಗಿ ಆ ಪದ ಹಾಕಬೇಡಿ, ನೋವು ಅಂತಲೇ ಇರಲಿ.

ಮೂರನೆಯದು ಗರ್ಭಕೊರಳು. 'ಇಂಟರ್ನಲ್ ಆಸ್' ಅಂದರೆ ಅದರ ಒಳಬಾಯಿ. ಅದು ಮುಚ್ಚಿದೆ, ಉದ್ದವೂ ಚೆನ್ನಾಗಿದೆ.

ನಾಲ್ಕನೆಯದು ಕುತ್ತಿಗೆಯ ಗಂಟುಗಳು. 'ಸರ್ವಿಕಲ್ಸ್' ಅನ್ನುವುದರ ಕೊನೆಯ ಎಸ್ ತೆಗೆಯಿರಿ.

ಐದನೆಯದಕ್ಕೆ ಉತ್ತರ ಆ ಸಾಲಿನಲ್ಲಿ ಇಲ್ಲ. ಕೊರಳಿನ ಗಂಟಿನ ತುಂಡೂ ಆಗಬಹುದು, ಗರ್ಭಕೊರಳಿನ ತುಂಡೂ ಆಗಬಹುದು. ಲ್ಯಾಬಿಗೆ ಹೋಗುವ ಡಬ್ಬಿಯ ಮೇಲೆ ಹೀಗೆ ಬರೆದಿದ್ದರೆ ಕಳಿಸುವ ಮುಂಚೆ ವಾಪಸ್ ಹೋಗಿ ಕೇಳಿ, 'ಸರ್ವಿಕಲ್ ಲಿಂಫ್ ನೋಡ್ ಬಯಾಪ್ಸಿ, ರೈಟ್' ಅಥವಾ 'ಬಯಾಪ್ಸಿ, ಯೂಟೆರೈನ್ ಸರ್ವಿಕ್ಸ್' ಅಂತ ಪೂರ್ತಿ ಬರೆಸಿಕೊಂಡು ಬನ್ನಿ.